ಶನಿವಾರ ಹೇಳಬೇಕಾದ ಮಾತು

ಮನೆಯಿಂದ,
ಸೋಮವಾರ, ಮಾರ್ಚ್ 9,
ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಪರವಾಗಿಲ್ಲವೇ? ಶಾಲೆಯ ಅಡುಗೆಮನೆಯಲ್ಲಿ ಆ ದೊಡ್ಡ ಪಾತ್ರೆಗಳನ್ನು ಈಗಲೂ ನೀನೊಬ್ಬಳೇ ಎತ್ತಿ ಇಳಿಸುತ್ತೀಯಂತೆ, ಹೋದ ಸಲ ಭಾವ ಫೋನಿನಲ್ಲಿ ದೂರು ಕೊಟ್ಟರು. "ನಿಮ್ಮಕ್ಕ ಯಾರ ಮಾತೂ ಕೇಳಲ್ಲ ಕಣಯ್ಯಾ" ಎಂದರು. ನಾನು ಹುಟ್ಟಿದಾಗಿನಿಂದ ನನ್ನ ಮಾತನ್ನೂ ಕೇಳಿಲ್ಲ, ನಿಮ್ಮದೇನು ಹೊಸದು ಎಂದೆ. ಆದರೂ ಮುನ್ನೂರು ಮಕ್ಕಳಿಗೆ ಬಡಿಸುವ ಕೈ ಅದು, ಸ್ವಲ್ಪ ಜೋಪಾನ ಮಾಡು ಮಾರಾಯ್ತಿ. ಭಾವನ ಕೆಮ್ಮು ಕಡಿಮೆಯಾಯಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಇವಳೇನೋ ಚೆನ್ನಾಗಿದ್ದಾಳೆ. ನನ್ನ ವಿಷಯ ಬರೆಯಲೆಂದೇ ಕೂತಿದ್ದೇನೆ.

ಕಾಗದ ನೋಡಿ ಗಾಬರಿಯಾಗಬೇಡ. ಅಲ್ಲ, ಬೇಕಾದರೆ ಸ್ವಲ್ಪ ಗಾಬರಿಯಾಗು, ಆದರೆ ಪೂರ್ತಿ ಓದು. ಈ ಕಾಲದಲ್ಲಿ ಕಾಗದ ಯಾರು ಬರೀತಾರೋ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಮೂರು ಸಲ ಫೋನ್ ಮಾಡಿದೆ ಅಕ್ಕಾ. ಮೂರು ಸಲವೂ ನೀನು "ಏನೋ, ಊಟ ಆಯ್ತೇನೋ?" ಎಂದೆ, ನಾನು "ಆಯ್ತು" ಎಂದೆ, ಅಲ್ಲಿಗೆ ಮುಗಿಯಿತು. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಇವತ್ತು ಅರ್ಧ ದಿನ ರಜೆ ಹಾಕಿ, ಊಟದ ಮೇಜಿನ ಮೇಲೆ ಹಾಳೆ ಹರವಿಕೊಂಡು ಕೂತಿದ್ದೇನೆ. ಇವಳು ಕನ್ನಡಕದಂಗಡಿಯ ಕೆಲಸಕ್ಕೆ ಹೋಗಿದ್ದಾಳೆ, ಬರುವುದು ಆರಕ್ಕೆ. ಆದರೂ ಬಾಗಿಲಿಗೆ ಚಿಲಕ ಹಾಕಿದ್ದೇನೆ, ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ಎದ್ದು ಹೋಗಿ ನೋಡಿದೆ. ಈಗ ತಾನೇ ಮೇಲಿನ ಮನೆಯವರು ಹತ್ತಿ ಹೋದರು, ನಾನು ಹಾಳೆಯ ಮೇಲೆ ಪೇಪರು ಮುಚ್ಚಿ ಓದುವವನ ಹಾಗೆ ಕೂತುಬಿಟ್ಟೆ. ನನ್ನ ಮನೆಯಲ್ಲೇ ನಾನು ಕಳ್ಳನಾಗಿದ್ದೇನೆ.

ಸುತ್ತಿ ಬಳಸಿದರೆ ಹೇಳದೆಯೇ ಉಳಿದುಬಿಡುತ್ತೇನೆ, ನೇರ ಬರೆಯುತ್ತೇನೆ. ನನಗೊಂದು ಕಾಯಿಲೆ ಇದೆ. ಲೈಂಗಿಕ ಗೀಳು ಎನ್ನುತ್ತಾರೆ ಅದಕ್ಕೆ. ಮೊದಲು ಫೋನಿನಲ್ಲಿ ಅಂಥವನ್ನು ನೋಡುವುದು. ಎಲ್ಲರೂ ನೋಡುತ್ತಾರೆ, ನನ್ನದೇನು ವಿಶೇಷ ಎಂದುಕೊಂಡೆ. ಆಮೇಲೆ ಕೆಲಸದ ಹೊತ್ತಿನಲ್ಲೂ ಶುರುವಾಯಿತು, ದಿನಕ್ಕೆ ನಾಲ್ಕು ಗಂಟೆ, ಐದು ಗಂಟೆ. ಆಮೇಲೆ ಮುಖ ಪರಿಚಯವಿಲ್ಲದವರ ಜೊತೆ ಫೋನಿನಲ್ಲಿ ಬೇಡದ ಮಾತು. ಆಮೇಲೆ, ಅಕ್ಕಾ, ಬೇರೆ ಊರುಗಳ ಲಾಡ್ಜುಗಳಿಗೆ ಹೋಗಿ ಹೆಸರೂ ಗೊತ್ತಿಲ್ಲದ ಹೆಂಗಸರ ಜೊತೆ ಇದ್ದು ಬಂದಿದ್ದೇನೆ. ಒಂದು ಸಲವಲ್ಲ. ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ತಿಂಗಳು. ಸುಖಕ್ಕೆ ಹೋದನೇನೋ ಎಂದು ನಿನಗೆ ಅನ್ನಿಸಬಹುದು. ಮೊದಮೊದಲು ಇತ್ತೇನೋ. ಕೊನೆಕೊನೆಗೆ ತುರಿ ಕೆರೆದುಕೊಂಡ ಹಾಗೆ, ಕೆರೆದಷ್ಟೂ ಉರಿ. ಪ್ರತಿ ಸಲ ಬಸ್ಸಿನಲ್ಲಿ ವಾಪಸ್ಸು ಬರುವಾಗ ಇದೇ ಕೊನೆ ಎಂದು ಆಣೆ ಹಾಕಿಕೊಳ್ಳುತ್ತಿದ್ದೆ. ಸಿಮ್ ಮುರಿದು ಹಾಕಿದೆ. ಒಂದು ದಿನ ಸಿಟ್ಟು ನೆತ್ತಿಗೇರಿ ಫೋನನ್ನೇ ಲಿಫ್ಟಿನ ತಳದ ಗುಂಡಿಗೆ ಎಸೆದೆ. ಮರುದಿನ ಬೆಳಗ್ಗೆ ಏಣಿ ಹಾಕಿ ಇಳಿದು, ಗ್ರೀಸಿನಲ್ಲಿ ಬಿದ್ದಿದ್ದ ಅದನ್ನು ಎತ್ತಿ ಒರೆಸಿಕೊಂಡೆ. ನಗು ಬಂದರೆ ನಕ್ಕುಬಿಡು, ಬೇಜಾರಿಲ್ಲ. ಮುಂದೆ ಬರೆಯುವುದಕ್ಕೆ ಯಾರೂ ನಗುವುದಿಲ್ಲ.

ನನ್ನ ಕೆಲಸ ನಿನಗೆ ಗೊತ್ತಲ್ಲ, ಇಲ್ಲಿನ ಮೂವತ್ತೆರಡು ಕಟ್ಟಡಗಳ ಲಿಫ್ಟು ನೋಡಿಕೊಳ್ಳುವುದು. ಪ್ರತಿ ಕಟ್ಟಡದ ನೆತ್ತಿಯ ಮೇಲೆ ಲಿಫ್ಟಿನ ಮೋಟಾರು ಇರುವ ಪುಟ್ಟ ಕೋಣೆ. ಬಾಗಿಲ ಮೇಲೆ ಅಪಾಯ ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ, ಒಳಗೆ ಮೆಕ್ಯಾನಿಕ್ಕು ಬಿಟ್ಟರೆ ನರಪಿಳ್ಳೆಯೂ ಬರುವುದಿಲ್ಲ. ನನ್ನಂಥವನಿಗೆ ಇನ್ನೇನು ಬೇಕು ಹೇಳು. ಕರೆಂಟು ತೆಗೆಯುವ ಮುಂಚೆ ಒಂದು ಕ್ರಮ ಇದೆ: ಲಿಫ್ಟನ್ನು ಕೆಳಗಿನ ಅಂತಸ್ತಿಗೆ ತಂದು, ಬಾಗಿಲು ತೆರೆದು, ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಿ, ರಿಪೇರಿ ಬೋರ್ಡು ನೇತುಹಾಕಿ, ಆಮೇಲೆ ಮೇಲೆ ಹತ್ತಬೇಕು. ಹೊಸಬರಿಗೆ ಇದನ್ನು ನಾನೇ ಕಲಿಸುತ್ತೇನೆ. ಹೋದ ನವೆಂಬರಿನಲ್ಲಿ ಒಂದು ಬೆಳಗ್ಗೆ, ಎಂಟಂತಸ್ತಿನ ಕಟ್ಟಡದಲ್ಲಿ, ನನಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ. ನೇರ ಮೇಲೆ ಹೋದೆ, ರಿಪೇರಿ ನಡೆದಿದೆ ಎಂದುಕೊಂಡು ಯಾರೂ ನನ್ನನ್ನು ಕರೆಯದಿರಲೆಂದು ಮೇನ್ ಸ್ವಿಚ್ಚು ಎಳೆದೆ, ಬಾಗಿಲು ಹಾಕಿಕೊಂಡು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡೆ. ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ನಿಂತಿತ್ತು. ಒಳಗೆ ಒಬ್ಬ ಅಜ್ಜಿ ಇದ್ದರು. ಬೆಲ್ಲು ಒತ್ತಿದ್ದಾರೆ, ಕೂಗಿದ್ದಾರೆ, ಕೈಯಲ್ಲಿದ್ದ ಕೋಲಿನಿಂದ ಬಾಗಿಲು ಬಡಿದಿದ್ದಾರೆ. ಕರೆಂಟಿಲ್ಲದಿದ್ದರೂ ಬ್ಯಾಟರಿಯಲ್ಲಿ ಆ ಬೆಲ್ಲು ನನ್ನ ತಲೆಯ ಮೇಲೇ ಹೊಡೆದುಕೊಳ್ಳುತ್ತಿತ್ತು ಅಕ್ಕಾ, ಒಂದು ಮೊಳ ದೂರದಲ್ಲಿ. ನಲವತ್ತು ನಿಮಿಷ. ಕೊನೆಗೆ ವಾಚ್‌ಮನ್ ಎಂಟಂತಸ್ತು ಹತ್ತಿ ಬಂದು ಬಾಗಿಲು ಗುದ್ದಿದ ಮೇಲೆ ನನಗೆ ಎಚ್ಚರವಾಯಿತು.

ಬ್ರೇಕು ಸಡಿಲಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಲಿಫ್ಟು ಇಳಿಸಿದೆ. ಓಡಿ ಹೋಗಿ ಬಾಗಿಲು ತೆರೆದರೆ ಆಕೆ ನೆಲದ ಮೇಲೆ ಕೂತಿದ್ದರು. ಮೈಯೆಲ್ಲ ಬೆವರಿ ಒದ್ದೆ, ತುಟಿ ಬಿಳಚಿಕೊಂಡಿತ್ತು. ಕಣ್ಣು ಬಿಟ್ಟು ನನ್ನ ಕೈ ಹಿಡಿದುಕೊಂಡು ಏನೆಂದರು ಗೊತ್ತೇ? "ದೇವರು ಬಂದಂಗೆ ಬಂದೆ ಕಣಪ್ಪಾ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದರು. ವಾಚ್‌ಮನ್ ಬೆನ್ನು ತಟ್ಟಿದ. ನಾನು ಮೇಲೆ ಹೋಗಿ, ಗೋಡೆಗೆ ನೇತುಹಾಕಿದ ಕಾರ್ಡಿನಲ್ಲಿ ವಿದ್ಯುತ್ ದೋಷ, ಸರಿಪಡಿಸಲಾಯಿತು ಎಂದು ಬರೆದು ಸಹಿ ಹಾಕಿದೆ. ಆಮೇಲೆ ತಾರಸಿಯ ಮೂಲೆಯಲ್ಲಿ ಕೂತು ವಾಂತಿ ಮಾಡಿಕೊಂಡೆ. ಅವತ್ತೇ ನಾನು ಸರಿಹೋದೆ ಎಂದು ಬರೆಯಬೇಕೆಂದು ತುಂಬಾ ಆಸೆ. ಇಲ್ಲ. ಅದೇ ವಾರ ಮತ್ತೆ ಇನ್ನೊಂದು ಊರಿಗೆ ಹೋಗಿ ಬಂದೆ. ನನಗೆ ನಿಜವಾಗಿ ಭಯ ಹುಟ್ಟಿದ್ದು ಆಗ. ಒಂದು ಜೀವ ಹೋಗುವುದರಲ್ಲಿತ್ತು, ಅದೂ ನನ್ನನ್ನು ತಡೆಯಲಿಲ್ಲವಲ್ಲ, ಇನ್ನು ಯಾವುದು ತಡೆಯುತ್ತದೆ?

ಡಿಸೆಂಬರಿನಲ್ಲಿ ಎದೆ ಹಿಂಡಿದಂತಾಗಿ ಆಸ್ಪತ್ರೆಗೆ ಹೋದೆ. ಇಸಿಜಿ ತೆಗೆದ ಡಾಕ್ಟರು ಹೃದಯಕ್ಕೇನೂ ಆಗಿಲ್ಲ ಎಂದರು. ಹಾಗೇ ಚೀಟಿ ಬರೆಯುತ್ತಾ, ತಲೆಯೆತ್ತದೆ, "ಯಾವುದಕ್ಕಾದ್ರೂ ಹೆದರಿಕೊಂಡಿದ್ದೀರಾ?" ಎಂದು ಕೇಳಿದರು. ಅಷ್ಟೇ ನೋಡು, ಇಷ್ಟು ದೊಡ್ಡ ಆಳು ಅಲ್ಲೇ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅವರು ಮೂರನೇ ಅಂತಸ್ತಿನಲ್ಲಿ ಕೂರುವ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಅಲ್ಲಿನ ಲಿಫ್ಟು ನೋಡಿಕೊಳ್ಳುವವನು ನನ್ನ ಪರಿಚಯದವನು, ಕಂಡಾನು ಎಂದು ಹೆದರಿ ಮೆಟ್ಟಿಲು ಹತ್ತಿಕೊಂಡೇ ಹೋದೆ. ಈಗಲೂ ಹಾಗೇ ಹೋಗುತ್ತೇನೆ, ಹೊಟ್ಟೆ ಸ್ವಲ್ಪ ಕರಗಿದೆ.

ಆ ಮೇಡಂ ನಿನ್ನ ವಯಸ್ಸಿನವರು. ಛೀ ಎನ್ನುತ್ತಾರೆ, ಇಲ್ಲ ಉಪದೇಶ ಮಾಡುತ್ತಾರೆ ಎಂದು ಕಾದೆ. ಕೆಟ್ಟ ಲಿಫ್ಟಿನ ಬಗ್ಗೆ ನಾನು ವಿಚಾರಿಸುತ್ತೇನಲ್ಲ, ಹಾಗೆ ವಿಚಾರಿಸಿದರು: ಯಾವಾಗಿನಿಂದ, ಎಷ್ಟು ಸಲ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು. ನಾನು ಕೆಟ್ಟವನಾ ಮೇಡಂ ಎಂದು ಕೇಳಿದ್ದಕ್ಕೆ, "ಆಸೆ ಜಾಸ್ತಿ ಇರೋದು ಕಾಯಿಲೆ ಅಲ್ಲ. ಬೇಡ ಬೇಡ ಅಂದ್ರೂ ನಿಲ್ಲಿಸೋಕಾಗದೆ, ಕೆಲಸ, ಮನೆ, ಮೈ ಎಲ್ಲಾ ಹಾಳಾಗ್ತಿದ್ರೂ ಅದೇ ದಾರಿ ಹಿಡೀತೀರಲ್ಲ, ಅದು ಕಾಯಿಲೆ. ಕಾಯಿಲೆ ಅಂತ ಗೊತ್ತಾದ ಮೇಲೆ ಔಷಧಿ ತಗೊಳ್ಳೋ ಜವಾಬ್ದಾರಿ ಮಾತ್ರ ನಿಮ್ದು" ಎಂದರು. ಒಂದು ನೋಟ್‌ಬುಕ್ಕು ಕೊಟ್ಟರು. ಆ ಸೆಳೆತ ಬಂದಾಗಲೆಲ್ಲ ಅದಕ್ಕೆ ಒಂದು ಗಂಟೆ ಮುಂಚೆ ಏನಾಯಿತೆಂದು ಬರೆಯಬೇಕು. ಬರೆದು ನೋಡಿದರೆ ನನಗೇ ಆಶ್ಚರ್ಯ. ಸೂಪರ್‌ವೈಸರ್ ಬೈದದ್ದು, ಕೆಲಸ ತಪ್ಪಾದದ್ದು, ಒಬ್ಬನೇ ಇದ್ದದ್ದು, ಯಾರೋ ಜೋರಾಗಿ ಬಾಗಿಲು ಹಾಕಿದ್ದು. ಆಸೆಯಿಂದ ಶುರುವಾದದ್ದು ಹತ್ತರಲ್ಲಿ ಒಂದೂ ಇಲ್ಲ, ಎಲ್ಲ ಹೆದರಿಕೆಯಿಂದಲೇ. ಈಗ ಗುಂಡಿ ಒತ್ತುವ ಹಳೇ ಫೋನು ಇಟ್ಟುಕೊಂಡಿದ್ದೇನೆ. ಮೇಲಿನ ಕೋಣೆಯ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದೇ ಇಡುತ್ತೇನೆ. ಸೆಳೆತ ಬಂದರೆ ಇಪ್ಪತ್ತು ನಿಮಿಷ ಏನೂ ಮಾಡದೆ ಕಾಯುವುದು, ಏರಿದ್ದು ತಾನಾಗಿ ಇಳಿಯುತ್ತದೆ ಎಂದು ಕಲಿಸಿದ್ದಾರೆ. ನಿಜವಾಗಿಯೂ ಇಳಿಯುತ್ತದೆ, ಆದರೆ ಆ ಇಪ್ಪತ್ತು ನಿಮಿಷ ಜೀವ ಹಿಂಡುತ್ತದೆ. ಮನಸ್ಸು ಕುಗ್ಗಿದ್ದಕ್ಕೆ ಅಲ್ಲಿನ ಡಾಕ್ಟರು ಒಂದು ಮಾತ್ರೆಯನ್ನೂ ಕೊಟ್ಟಿದ್ದಾರೆ. ಬುಧವಾರ ಸಂಜೆ ನನ್ನಂಥ ಏಳು ಜನ ಒಂದು ಕೋಣೆಯಲ್ಲಿ ಕೂರುತ್ತೇವೆ. ಒಬ್ಬರು ದರ್ಜಿ, ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಕಂಡಕ್ಟರು. ಮೊದಲ ದಿನ ಆ ಮರ್ಯಾದಸ್ಥ ಮುಖಗಳನ್ನು ನೋಡಿ, ಎಲ್ಲೋ ಕಣ್ಣಿನ ವಿಭಾಗಕ್ಕೆ ಬಂದುಬಿಟ್ಟೆನೆಂದು ತಿರುಗಿ ಹೊರಟಿದ್ದೆ. ಮೇಷ್ಟ್ರೇ ಕರೆದು ಕೂರಿಸಿದರು.

ಹನ್ನೊಂದು ವಾರವಾಯಿತು. ಯಾವ ಊರಿಗೂ ಹೋಗಿಲ್ಲ. ನಡುವೆ ಒಂದು ಸಲ ಜೊತೆಗಾರನ ಫೋನು ಇಸಿದುಕೊಂಡು ನೋಡಿ ಜಾರಿದೆ. ಮೇಡಂಗೆ ಹೇಳುವಾಗ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತ್ತು. ಅವರು ಬೈಯಲಿಲ್ಲ, ಒಂದು ಗಂಟೆ ಮುಂಚೆ ಏನಾಗಿತ್ತು ಎಂದೇ ಕೇಳಿದರು. ಹಾಗೆ ಕೇಳುತ್ತಾ ಕೇಳುತ್ತಾ ಅಪ್ಪನ ಕೂಗಾಟದ ಹತ್ತಿರ ಬಂದೆವು. ಅಮ್ಮ ಹೋದ ಮೇಲೆ, ಅಪ್ಪ ಕುಡಿದು ಬಂದಾಗಲೆಲ್ಲ ನೀನು ನನ್ನನ್ನು ಸಾಮಾನಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುತ್ತಿದ್ದೆ, ಏಟು ನೀನು ತಿನ್ನುತ್ತಿದ್ದೆ. ಹೆದರಿಕೆ ಬಂದರೆ ಬಾಗಿಲು ಮುಚ್ಚಿಕೊಂಡು ಒಳಗೆ ಸೇರಿಕೊಳ್ಳುವುದನ್ನು ಮೈ ಅಲ್ಲೇ ಕಲಿತಿರಬಹುದು ಎಂದರು ಮೇಡಂ. ಇದನ್ನು ಓದಿ ನೀನು ಅಳುತ್ತಾ ಕೂತರೆ ನನ್ನ ಮೇಲೆ ಆಣೆ. ಏಳು ವರ್ಷದ ನನ್ನನ್ನು ಉಳಿಸಿದ್ದು ನೀನು. ಈ ನಲವತ್ತರ ಆಸುಪಾಸಿನವನು ಮಾಡಿದ್ದಕ್ಕೆ ನೀನು ಹೊಣೆಯಲ್ಲ.

ಈಗ ಶನಿವಾರದ ವಿಷಯ. ಶನಿವಾರ ಹನ್ನೊಂದು ಗಂಟೆಗೆ ಮೇಡಂ ಕೋಣೆಯಲ್ಲಿ ಇವಳಿಗೆ ಎಲ್ಲವನ್ನೂ ಹೇಳಬೇಕು. ಹೇಳದೆ ಇರುವಂತಿಲ್ಲ. ನನ್ನ ರಕ್ತ ಪರೀಕ್ಷೆ ಒಂದು ಸಲ ಆಗಿ ಏನೂ ಇಲ್ಲ ಎಂದು ಬಂದಿದೆ, ಇನ್ನೊಂದು ಸಲ ನೋಡಬೇಕಂತೆ. ಇವಳದ್ದನ್ನೂ ನೋಡಬೇಕು. ಡಿಸೆಂಬರಿನಿಂದ ಏನೇನೋ ನೆಪ ಹೇಳಿ ದೂರ ಮಲಗುತ್ತಿದ್ದೇನೆ, ಆದರೆ ಅದಕ್ಕೆ ಹಿಂದಿನದನ್ನು ಏನು ಮಾಡಲಿ? ನನ್ನಿಂದ ಅವಳಿಗೆ ಏನಾದರೂ ತಗುಲಿದ್ದರೆ? "ಇವತ್ತೊಂದು, ಮುಂದಿನ ತಿಂಗಳು ಇನ್ನೊಂದು ಅಂತ ಹೇಳ್ಬೇಡಿ. ಪ್ರತಿ ಸಲ ಅವರು ಹೊಸದಾಗಿ ಬೀಳ್ತಾರೆ. ಒಂದೇ ಸಲ, ಪೂರ್ತಿ ಹೇಳಿ" ಎಂದಿದ್ದಾರೆ ಮೇಡಂ. ಅವಳ ಪಕ್ಕದಲ್ಲಿ ಕೂರಲು, ಅವಳಿಗೆಂದೇ ಇನ್ನೊಬ್ಬ ಸಮಾಲೋಚಕಿ ಇರುತ್ತಾರಂತೆ. ಹೇಳಬೇಕಾದದ್ದನ್ನೆಲ್ಲ ಪಟ್ಟಿ ಮಾಡಿದ್ದೇನೆ, ಎರಡೂವರೆ ಪುಟ. ಮೇಡಂ ಓದಿ, "ಇಷ್ಟೇನಾ?" ಎಂದರು. "ಇಷ್ಟೇ ಮೇಡಂ" ಎಂದೆ. ಸುಳ್ಳು ಹೇಳಿದೆ ಅಕ್ಕಾ. ಒಂದು ಉಳಿದಿದೆ. ಲಾಡ್ಜುಗಳ ಬಗ್ಗೆ ಬರೆದ ಕೈಗೆ ಅದನ್ನು ಬರೆಯಲು ಬರುತ್ತಿಲ್ಲ. ಅದನ್ನೇ ನಿನಗೆ ಬರೆಯಬೇಕೆಂದು ಮಧ್ಯಾಹ್ನದಿಂದ ಕೂತಿದ್ದೇನೆ, ನೋಡು, ಇಷ್ಟು ಪುಟ ತುಂಬಿತು, ಇನ್ನೂ ಅದರ ಸುತ್ತಲೇ ಸುತ್ತುತ್ತಿದ್ದೇನೆ.

ನಿದ್ರೆ ಬರುತ್ತಿಲ್ಲ, ಅದಕ್ಕೆ ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂದಷ್ಟೇ ಇವಳಿಗೆ ಗೊತ್ತು. ಶನಿವಾರ ಜೊತೆಗೆ ಬರಬೇಕಂತೆ ಎಂದದ್ದಕ್ಕೆ ಅಂಗಡಿಗೆ ರಜೆ ಹೇಳಿ ಬಂದಳು. ನನ್ನ ಹೃದಯಕ್ಕೆ ಏನೋ ಆಗಿದೆ ಎಂದುಕೊಂಡಿದ್ದಾಳೆ, ಅಡುಗೆಗೆ ಎಣ್ಣೆ ಕಡಿಮೆ ಮಾಡಿದ್ದಾಳೆ. "ಏನೇ ಇರ್ಲಿ ರೀ, ಇಬ್ರೂ ಸೇರಿ ನೋಡ್ಕೊಳ್ಳೋಣ ಬಿಡಿ" ಎಂದಳು ಮೊನ್ನೆ, ನನ್ನ ಅಂಗಿಗೆ ಗುಂಡಿ ಹಾಕುತ್ತಾ. ದಿನವಿಡೀ ಬೇರೆಯವರ ಕಣ್ಣಿನ ಮುಂದೆ ಗಾಜು ಹಿಡಿದು ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳುವವಳು. ಮನೆಯಲ್ಲಿ ಮಾತ್ರ ನನ್ನನ್ನು ಪರೀಕ್ಷೆ ಮಾಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಶನಿವಾರ ಹನ್ನೆರಡು ಗಂಟೆಗೆ ಅವಳ ಮುಖ ಹೇಗಿರುತ್ತದೋ ಎಂದು ದಿನಕ್ಕೆ ನೂರು ಸಲ ಕಲ್ಪಿಸಿಕೊಳ್ಳುತ್ತೇನೆ. ಎದ್ದು ಹೋಗಬಹುದು. ಹೋದರೆ ತಪ್ಪಲ್ಲ. ಅವಳು ನಿನ್ನ ಹತ್ತಿರ ಬಂದರೆ ನನ್ನ ಪರವಾಗಿ ಒಂದು ಮಾತೂ ಆಡಬೇಡ, ಊಟಕ್ಕೆ ಹಾಕು, ಮಲಗಲು ಬಿಡು. ನನ್ನನ್ನು ಆಮೇಲೆ ವಿಚಾರಿಸಿಕೊ. ನೀನೂ ನನ್ನ ಮುಖ ನೋಡುವುದಿಲ್ಲ ಎಂದರೆ ನಾನು ಏನಾಗುತ್ತೇನೋ ನನಗೆ ಗೊತ್ತಿಲ್ಲ. ಹೆದರಬೇಡ, ಪ್ರಾಣಕ್ಕೆ ಏನೂ ಮಾಡಿಕೊಳ್ಳುವುದಿಲ್ಲ. ಅದನ್ನೂ ಮೇಡಂ ಕೇಳಿದ್ದಾರೆ, ಅಂಥ ಯೋಚನೆ ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದೇನೆ.

ಐದು ಗಂಟೆಯಾಯಿತು. ಇವಳು ಬರುವುದರೊಳಗೆ ಅಂಚೆ ಡಬ್ಬಿಗೆ ಹಾಕಿ ಬರಬೇಕು, ಬುಧವಾರವೋ ಗುರುವಾರವೋ ನಿನ್ನ ಕೈ ಸೇರುತ್ತದೆ. ಭಾವನಿಗೆ ನನ್ನ ನಮಸ್ಕಾರ. ಅವರಿಗೆ ಇದನ್ನು ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ತಲೆಯ ಮೇಲೆ ಒಂದು ಸಲ ಕೈ ಇಟ್ಟು ಹರಸು ಅಕ್ಕಾ, ಅಷ್ಟು ದೂರದಿಂದಲೇ ಆದರೂ ಸರಿ.

ನಿನ್ನ ತಮ್ಮ,
ಪುಕ್ಕಲ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಉಳಿದದ್ದು ಇದು. ತಿಂಗಳಿಗೊಮ್ಮೆ ಎರಡು ದಿನ ಎಲ್ಲಿಗೆ ಹೋಗುತ್ತೇನೆಂದು ಇವಳಿಗೆ ಹೇಳುತ್ತಿದ್ದೆ ಗೊತ್ತೇ? ನಿನ್ನ ಹತ್ತಿರ. ನಿನಗೆ ಎರಡೂ ಕಿಡ್ನಿ ಕೆಟ್ಟಿವೆ, ದೊಡ್ಡಾಸ್ಪತ್ರೆಗೆ ನಾನೇ ಕರೆದೊಯ್ಯಬೇಕು, ಭಾವನಿಗೆ ರಜೆ ಸಿಗುವುದಿಲ್ಲ, ಆ ಮಾತೆತ್ತಿದರೆ ನಿನಗೆ ಅವಮಾನವಾಗುತ್ತದೆ, ಅಪ್ಪಿತಪ್ಪಿಯೂ ಫೋನಿನಲ್ಲಿ ಕೇಳಬೇಡ ಎಂದಿದ್ದೆ. ಎರಡು ವರ್ಷ ಕೇಳದೆ ಇದ್ದಳು. ಆಸ್ಪತ್ರೆಯಲ್ಲಿ ನಿನಗೆ ಚಳಿಯಾಗುತ್ತದೆಂದು ನಾಲ್ಕು ಶಾಲು ಹೆಣೆದು ಕೊಟ್ಟಳು, ನಾಲ್ಕೂ ಆಫೀಸಿನಲ್ಲಿ ನನ್ನ ಸಾಮಾನಿನ ಕಪಾಟಿನಲ್ಲಿವೆ. ಈಗ ಹನ್ನೊಂದು ವಾರದಿಂದ ನಾನು ಹೋಗುತ್ತಿಲ್ಲವಲ್ಲ, ನಿನ್ನ ಸ್ಥಿತಿ ಕೈಮೀರಿದೆ, ನಾನು ಮುಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದಾಳೆ. ನಿನ್ನೆ ಊಟಕ್ಕೆ ಕೂತಾಗ ಹೇಳಿದಳು. ನನಗೆ ತಿಳಿಸದೆ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾಳೆ. "ನಂದು ಯಾರಿಗೆ ಬೇಕಾದ್ರೂ ಆಗೋ ಗುಂಪಂತೆ ರೀ. ಅಕ್ಕನಿಗೆ ಒಂದು ಕಿಡ್ನಿ ಕೊಡ್ತೀನಿ. ನನ್ನ ಕೇಳೋಕೆ ನಿಮಗೆ ಸಂಕೋಚ, ಅದಕ್ಕೇ ನಿದ್ದೆ ಬರ್ತಿಲ್ಲ ಅಂತ ನಂಗೊತ್ತು" ಎಂದಳು. ಇನ್ನು ನನ್ನನ್ನು ನಂಬಿ ಕೂರುವುದಿಲ್ಲವಂತೆ, ಈ ವಾರ ತಾನೇ ನಿನಗೆ ಫೋನ್ ಮಾಡುತ್ತಾಳಂತೆ. ಪಟ್ಟಿಯ ಮೊದಲ ಸಾಲಿನಲ್ಲಿ ಇದನ್ನು ಈಗ ಬರೆದೆ, ಬುಧವಾರ ಮೇಡಂಗೆ ತೋರಿಸುತ್ತೇನೆ. ಶನಿವಾರದವರೆಗೆ ಅವಳ ಫೋನ್ ಎತ್ತಬೇಡ ಎಂದು ನಿನಗೆ ಬರೆದಿದ್ದೆ, ಅಂಚಿನಲ್ಲಿ ಹೊಡೆದು ಹಾಕಿರುವುದು ಅದೇ. ಬೇಡ ಅಕ್ಕಾ, ಎತ್ತು. ಮೊದಲು ಹೇಗಿದ್ದೀರಿ ಎಂದು ಕೇಳುತ್ತಾಳೆ. ಚೆನ್ನಾಗಿದ್ದೀನಿ, ನಂಗೇನೂ ಆಗಿಲ್ಲ ಅಂತ ಹೇಳು.